ಲಿವರ್, ಕರುಳಿನ ಕಾಯಿಲೆಯ ಕ್ಲಿನಿಕಲ್ ಟ್ರಯಲ್‌ಗೆ ಸೇರುವವರಿಗೆ: ಸಹಿಯಿಂದ ಕೊನೆಯ ಭೇಟಿಯವರೆಗೆ

ಫ್ಯಾಟಿ ಲಿವರ್, ಸಿರೋಸಿಸ್ (ಗಾಯ ಗಟ್ಟಿಯಾಗಿ ಕೆಟ್ಟ ಲಿವರ್), ಹೆಪಟೈಟಿಸ್ ಬಿ, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡಕರುಳಿನ ಹುಣ್ಣು), ಐಬಿಎಸ್ (ಕೆರಳುವ ಕರುಳಿನ ತೊಂದರೆ) ಎಂದು ಮೆಡಿಕಲ್ ಕಾಲೇಜಿಗೋ ದೊಡ್ಡ ಆಸ್ಪತ್ರೆಗೋ ಹೋಗುವವರಿಗೆ ‘ಒಂದು ಸ್ಟಡಿ ನಡೀತಿದೆ, ಸೇರ್ತೀರಾ?’ ಎಂಬ ಪ್ರಶ್ನೆ ಎದುರಾಗುವುದು ಈಗ ಅಪರೂಪವಲ್ಲ. ಸ್ಟಡಿ ಎಂದರೆ ಇಲ್ಲಿ ಕ್ಲಿನಿಕಲ್ ಟ್ರಯಲ್, ಔಷಧಿಯೊಂದನ್ನು ರೋಗಿಗಳಲ್ಲೇ ಪರೀಕ್ಷಿಸಿ ನೋಡುವ ಅಧ್ಯಯನ. ಕೇಳಿದ ಕೂಡಲೇ ‘ನಮ್ಮ ಮೇಲೆ ಪ್ರಯೋಗ ಮಾಡ್ತಾರೆ’ ಎಂದು ಎದ್ದು ಹೋಗುವವರಿದ್ದಾರೆ. ಡಾಕ್ಟರ ಮೇಲಿನ ಗೌರವಕ್ಕೆ ಓದದೆ ಸಹಿ ಹಾಕುವವರೂ ಇದ್ದಾರೆ. ಎರಡೂ ಬೇಡ. ಲಿವರ್ ಮತ್ತು ಕರುಳಿನ ಟ್ರಯಲ್‌ಗಳಿಗೆ ಅವುಗಳದ್ದೇ ಆದ ತೊಡಕುಗಳಿವೆ. ನುಂಗಿದ ಬಹುಪಾಲು ಔಷಧಿ ಲಿವರ್ ದಾಟಿಯೇ ಮೈಗೆ ಸೇರಬೇಕು, ಹಿಂದಿನ ದಿನ ತಿಂದದ್ದು ಇಂದಿನ ಪರೀಕ್ಷೆಯ ಅಂಕಿಯನ್ನು ಅಲುಗಾಡಿಸಬಹುದು, ಹೊಟ್ಟೆನೋವನ್ನು ಅಳೆಯಲು ರೋಗಿಯ ಮಾತು ಬಿಟ್ಟರೆ ಬೇರೆ ಮಾಪಕವಿಲ್ಲ. ಹಾಗಾಗಿ ರೋಗಿ ಏನೇನು ಕೇಳುತ್ತಾರೆ, ಏನೇನು ಮುಚ್ಚಿಡದೆ ಹೇಳುತ್ತಾರೆ ಎನ್ನುವುದರ ಮೇಲೆ ಅವರ ಸುರಕ್ಷತೆಯೂ ಟ್ರಯಲ್‌ನ ಫಲಿತಾಂಶವೂ ನಿಂತಿವೆ.

1. ಹೊರಗೆ ಔಷಧಿ ಇದೆಯೇ? ಇದನ್ನೇ ಮೊದಲು ಕೇಳಿ

ಟ್ರಯಲ್‌ಗೆ ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ, ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ? ಉಳಿದ ಪ್ರಶ್ನೆಗಳೆಲ್ಲ ಇದರ ನಂತರ. ಕಾಯಿಲೆಯಿಂದ ಕಾಯಿಲೆಗೆ ಉತ್ತರ ಬೇರೆ. ಹೆಪಟೈಟಿಸ್ ಸಿ ಇದ್ದವರಿಗೆ ಸೊಫೊಸ್‌ಬುವಿರ್, ಡಕ್ಲಾಟಸ್ವಿರ್‌ನಂಥ ಮಾತ್ರೆಗಳು ಸಾಮಾನ್ಯವಾಗಿ 12 ವಾರದಲ್ಲಿ ಬಹುತೇಕ ಎಲ್ಲರನ್ನೂ ಗುಣಪಡಿಸುತ್ತವೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಇವು ಉಚಿತ. ಇಂಥ ಕಾಯಿಲೆಗೆ ಬರೀ ಪ್ಲಸೀಬೊ (ಖಾಲಿ ಮಾತ್ರೆ) ಕೊಡುವ ಗುಂಪಿಗೆ ಬೀಳುವ ಸಾಧ್ಯತೆ ಇರುವ ಟ್ರಯಲ್‌ಗೆ ಸೇರುವ ಕಾರಣವೇ ಇಲ್ಲ.

ಫ್ಯಾಟಿ ಲಿವರ್‌ನ ಕತೆ ಬೇರೆ. ಭಾರತದಲ್ಲಿ 2020ರಲ್ಲಿ ಸಾರೋಗ್ಲಿಟಜಾರ್‌ಗೆ ಒಪ್ಪಿಗೆ ಸಿಕ್ಕಿತು, ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರಾಮ್‌ಗೆ ಸಿಕ್ಕಿತು. ಆದರೂ ಊರಿದ ಗಾಯದ ಗುರುತನ್ನು, ಅಂದರೆ ಫೈಬ್ರೋಸಿಸ್ ಅನ್ನು, ಎಲ್ಲರಲ್ಲೂ ಅಳಿಸಿಹಾಕುವ ಮಾತ್ರೆ ಇನ್ನೂ ಬಂದಿಲ್ಲ. ಇಲ್ಲಿ ಟ್ರಯಲ್‌ಗೆ ಸೇರುವುದರಲ್ಲಿ ಅರ್ಥವಿದೆ. ತೂಕ ಇಳಿಸುವ ಸಲಹೆ, ಸಕ್ಕರೆ ಕಾಯಿಲೆಯ ಮಾತ್ರೆ ಎರಡೂ ಗುಂಪಿಗೆ ಸಿಗುತ್ತವೆಯೇ ಎಂದು ಮಾತ್ರ ಖಚಿತ ಮಾಡಿಕೊಳ್ಳಿ.

ಪ್ಲಸೀಬೊ ಎಂದರೆ ಔಷಧಿಯಿಲ್ಲದ, ನೋಡಲು ಅದೇ ಥರದ ಮಾತ್ರೆ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಆರಿಸುತ್ತದೆ. ಡಬಲ್ ಬ್ಲೈಂಡ್ ಟ್ರಯಲ್ ಆದರೆ ನಿಮಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ. ‘ನನಗೆ ನಿಜವಾದ್ದೇ ಕೊಡಿ’ ಎಂದು ಕೇಳಿಕೊಂಡು ಪ್ರಯೋಜನವಿಲ್ಲ. ಇಷ್ಟೆಲ್ಲ ಕಟ್ಟುನಿಟ್ಟು ಏಕೆ ಎಂದರೆ, ಹೊಟ್ಟೆಯ ಕಾಯಿಲೆಗಳಲ್ಲಿ ಪ್ಲಸೀಬೊದಿಂದಲೇ ಹಾಯೆನಿಸುವವರು ತುಂಬಾ ಮಂದಿ. ಐಬಿಎಸ್ ಟ್ರಯಲ್‌ಗಳಲ್ಲಿ ಸರಾಸರಿ ಹತ್ತರಲ್ಲಿ ನಾಲ್ಕು ಜನ ಖಾಲಿ ಮಾತ್ರೆಯಲ್ಲೇ ಸುಧಾರಿಸಿದ್ದೇವೆ ಎನ್ನುತ್ತಾರೆ.

ನಮ್ಮ ಹಿತ್ತಲಲ್ಲೇ ಬೆಳೆಯುವ ನೆಲನೆಲ್ಲಿಯ ಉದಾಹರಣೆಯನ್ನು ಇಲ್ಲಿ ನೆನೆಯಬೇಕು. ಮದ್ರಾಸಿನಲ್ಲಿ ನಡೆದ, 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಾಥಮಿಕ ಅಧ್ಯಯನದಲ್ಲಿ, 30 ದಿನ ನೆಲನೆಲ್ಲಿ ತೆಗೆದುಕೊಂಡ 37 ಹೆಪಟೈಟಿಸ್ ಬಿ ವಾಹಕರಲ್ಲಿ 22 ಮಂದಿಗೆ ರಕ್ತದಲ್ಲಿ ವೈರಸ್ ಇದೆಯೆಂದು ತೋರಿಸುವ ಮೇಲ್ಮೈ ಪ್ರತಿಜನಕ ಮಾಯವಾಗಿತ್ತು. ಪ್ಲಸೀಬೊ ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಜಗತ್ತೇ ತಿರುಗಿ ನೋಡಿತು. ಥಾಯ್ಲೆಂಡ್ ಸೇರಿ ಬೇರೆ ಕಡೆಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ಮೊದಲ ಫಲಿತಾಂಶವನ್ನೇ ನಂಬಿ ಎಲ್ಲರೂ ಮುಂದೆ ಬಂದ ಟೆನೊಫೊವಿರ್‌ನಂಥ ವೈರಸ್ ಔಷಧಿ ಬಿಟ್ಟು ನೆಲನೆಲ್ಲಿ ಹಿಡಿದಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು.

2. ಸಿಟಿಆರ್‌ಐ ಸಂಖ್ಯೆ ಕೇಳಿ, ನೀವೇ ತೆಗೆದು ನೋಡಿ

ಭಾರತದಲ್ಲಿ ನಡೆಯುವ ಪ್ರತಿ ಕ್ಲಿನಿಕಲ್ ಟ್ರಯಲ್ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ಸಿಟಿಆರ್‌ಐ, ಅಂದರೆ ದೇಶದ ಟ್ರಯಲ್‌ಗಳ ನೋಂದಣಿ ಜಾಲತಾಣದಲ್ಲಿ ದಾಖಲಾಗಬೇಕು. 2007ರಲ್ಲಿ ಶುರುವಾದ ಈ ದಾಖಲಾತಿ 2009ರ ಜೂನ್ 15ರಿಂದ ಕಡ್ಡಾಯವಾಯಿತು. 2018ರ ಏಪ್ರಿಲ್ 1ರಿಂದ ಮೊದಲ ರೋಗಿ ಸೇರುವ ಮುನ್ನವೇ ದಾಖಲಾಗಿರಬೇಕು. ಸಂಖ್ಯೆ ಸಿಟಿಆರ್‌ಐ ಎಂಬ ಅಕ್ಷರ, ಆಮೇಲೆ ವರ್ಷ, ತಿಂಗಳು, ಕ್ರಮಸಂಖ್ಯೆ ಎಂಬ ರೂಪದಲ್ಲಿರುತ್ತದೆ. ಕೋಆರ್ಡಿನೇಟರ್ ಬಳಿ ಕೇಳಿ ಬರೆದುಕೊಳ್ಳಿ, ಓದುವ ಮಗಳಿಗೋ ಅಳಿಯನಿಗೋ ಕೊಟ್ಟು ಫೋನಿನಲ್ಲೇ ತೆಗೆಸಿ.

ಅಲ್ಲಿ ಎಲ್ಲವನ್ನೂ ಓದಬೇಕಿಲ್ಲ. ನಿಮ್ಮ ಆಸ್ಪತ್ರೆಯ ಹೆಸರು ಕೇಂದ್ರಗಳ ಪಟ್ಟಿಯಲ್ಲಿದೆಯೇ, ಅದರ ಎದುರು ಎಥಿಕ್ಸ್ ಕಮಿಟಿ (ರೋಗಿಗಳ ಹಿತ ಕಾಯುವ ಸಮಿತಿ) ಒಪ್ಪಿಗೆ ನೀಡಿದೆ ಎಂದಿದೆಯೇ ನೋಡಿ. ಪ್ರಾಯೋಜಕರು ಯಾರು, ಹೋಲಿಕೆಗೆ ಕೊಡುವುದು ಪ್ಲಸೀಬೊವೋ ಬೇರೆ ಔಷಧಿಯೋ, ಮುಖ್ಯ ಫಲಿತಾಂಶವಾಗಿ ಏನನ್ನು ಎಷ್ಟು ವಾರಕ್ಕೆ ಅಳೆಯುತ್ತಾರೆ, ಇಷ್ಟು ಸಾಕು. ‘ಸ್ನಾತಕೋತ್ತರ ಪ್ರಬಂಧವೇ?’ ಎಂಬ ಸಾಲು ಕೂಡ ಇದೆ. ಹೌದು ಎಂದಿದ್ದರೆ ಅದು ಎಂಡಿ ಅಥವಾ ಡಿಎಂ ವಿದ್ಯಾರ್ಥಿಯ ಅಧ್ಯಯನ. ಅದರಲ್ಲಿ ತಪ್ಪೇನಿಲ್ಲ, ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಇಂಥವೇ ಹೆಚ್ಚು. ಆದರೆ ಹಿಂದೆ ದೊಡ್ಡ ಕಂಪನಿಯಿಲ್ಲದ ಕಾರಣ, ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು ಎಂದು ಮುಲಾಜಿಲ್ಲದೆ ಕೇಳಿ. ವಿದ್ಯಾರ್ಥಿ ಓದು ಮುಗಿಸಿ ಹೋದ ಮೇಲೆ ನಿಮ್ಮನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೂ ಕೇಳಿ.

3. ಕನ್ಸೆಂಟ್ ಫಾರ್ಮ್ (ಒಪ್ಪಿಗೆ ಪತ್ರ): ಮನೆಗೆ ಒಯ್ದು ಓದಿ

ಓಪಿಡಿಯ ಗಲಾಟೆಯಲ್ಲಿ 15–20 ಪುಟ ಓದಲಾಗುವುದಿಲ್ಲ. ಮನೆಗೆ ಕೊಂಡೊಯ್ಯುತ್ತೇನೆ ಎನ್ನುವ ಹಕ್ಕು ನಿಮಗಿದೆ. ಕನ್ನಡದ ಪ್ರತಿಯನ್ನೇ ಕೇಳಿ. ಪ್ರತಿ ಪುಟದ ಅಡಿಯಲ್ಲಿ ಆವೃತ್ತಿಯ ಸಂಖ್ಯೆ, ದಿನಾಂಕ ಇರುತ್ತವೆ. ನೀವು ಓದಿದ ಪ್ರತಿಯ ಆವೃತ್ತಿಯೂ ಸಹಿ ಹಾಕುವ ಪ್ರತಿಯ ಆವೃತ್ತಿಯೂ ಒಂದೇ ಆಗಿರಬೇಕು. ಓದಲು ಬಾರದವರಿಗೆ ಓದಿ ಹೇಳುವಾಗ ಟ್ರಯಲ್ ತಂಡಕ್ಕೆ ಸೇರದ ಒಬ್ಬ ನಿಷ್ಪಕ್ಷಪಾತ ಸಾಕ್ಷಿ ಪಕ್ಕದಲ್ಲಿದ್ದು ಸಹಿ ಹಾಕಬೇಕು. ಅದೇ ತಂಡದ ನರ್ಸ್ ಸಾಕ್ಷಿಯಾಗಿ ಸಹಿ ಹಾಕಿದರೆ ನಡೆಯುವುದಿಲ್ಲ.

ಫಾರ್ಮ್‌ನಲ್ಲಿ ನಿಮ್ಮ ಉದ್ಯೋಗ, ವಾರ್ಷಿಕ ಆದಾಯ, ನಾಮಿನಿಯ ಹೆಸರು, ವಿಳಾಸ, ಸಂಬಂಧ ಕೇಳಿರುತ್ತಾರೆ. ಬಹಳ ಮಂದಿ ನಾಮಿನಿಯ ಜಾಗ ಖಾಲಿ ಬಿಡುತ್ತಾರೆ. ಬಿಡಬೇಡಿ, ಮುಂದೆ ಪರಿಹಾರದ ಮಾತು ಬಂದರೆ ಅದೇ ದಾಖಲೆ. ಸಹಿಯ ಪಕ್ಕದ ದಿನಾಂಕವನ್ನು ನಿಮ್ಮ ಕೈಯಲ್ಲೇ ಬರೆಯಿರಿ. ಸಹಿಯಾದ ಪ್ರತಿಯೊಂದನ್ನು ನಿಮಗೆ ಕೊಡಲೇಬೇಕು.

2019ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಟ್ರಯಲ್‌ನಲ್ಲಿದ್ದಾಗ ಹಾನಿಯಾದರೆ ಉಚಿತ ಚಿಕಿತ್ಸೆ ಕೊಡಬೇಕು. ವೈದ್ಯರ ಅಭಿಪ್ರಾಯದಂತೆ ಅಗತ್ಯವಿರುವವರೆಗೆ, ಇಲ್ಲವೇ ಹಾನಿಗೂ ಟ್ರಯಲ್‌ಗೂ ಸಂಬಂಧವಿಲ್ಲವೆಂದು ಸಾಬೀತಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಸಂಬಂಧವಿದೆ ಎಂದಾದರೆ ಪರಿಹಾರ ಬೇರೆ. ಸಾವಿನ ಪ್ರಕರಣದಲ್ಲಿ ಮೂಲ ಮೊತ್ತ 8 ಲಕ್ಷ ರೂಪಾಯಿ. ವಯಸ್ಸಿನ ಅಂಶದಿಂದಲೂ ಕಾಯಿಲೆಯ ಗಂಭೀರತೆಗೆ ತಕ್ಕಂತೆ 0.5ರಿಂದ 4ರವರೆಗಿನ ಅಂಶದಿಂದಲೂ ಅದನ್ನು ಗುಣಿಸುತ್ತಾರೆ. ಆರೋಗ್ಯವಂತ ಸ್ವಯಂಸೇವಕರಿಗೆ 4, ಕೊನೆಯ ಹಂತದ ಕಾಯಿಲೆಯವರಿಗೆ 0.5. ಲಭ್ಯವಿದ್ದ ಸರಿಯಾದ ಚಿಕಿತ್ಸೆ ಕೊಡದೆ ಬರೀ ಪ್ಲಸೀಬೊ ಕೊಟ್ಟು ಹಾನಿಯಾಗಿದ್ದರೆ ಅದೂ ಪರಿಹಾರಕ್ಕೆ ಅರ್ಹ. ‘ಹೊರಗೆ ಔಷಧಿ ಇದೆಯೇ?’ ಎಂಬುದನ್ನೇ ಮೊದಲು ಕೇಳಿ ಎಂದದ್ದು ಇದಕ್ಕೂ ಸೇರಿ.

ಇನ್ನೊಂದು ಸಾಲು ಗಮನಿಸಿ. ಉಳಿದ ರಕ್ತ, ಬಯಾಪ್ಸಿ ತುಣುಕನ್ನು ಮುಂದಿನ ಸಂಶೋಧನೆಗೆ, ಜೀನ್ ಪರೀಕ್ಷೆಗೆ ಇಟ್ಟುಕೊಳ್ಳಲು ಪ್ರತ್ಯೇಕ ಒಪ್ಪಿಗೆಯ ಚೌಕ ಇರುತ್ತದೆ. ಸಾಮಾನ್ಯವಾಗಿ ಇದು ಐಚ್ಛಿಕ. ಬೇಡ ಎಂದರೂ ಟ್ರಯಲ್‌ಗೆ ಸೇರಬಹುದೇ ಎಂದು ಕೇಳಿ, ಆಮೇಲೆ ಗುರುತು ಹಾಕಿ.

ಸಿರೋಸಿಸ್‌ನಲ್ಲಿ ಅಮೋನಿಯದಂಥ ವಿಷಾಂಶ ಮಿದುಳಿಗೇರಿ ಮಂಕು ಕವಿದ ರೋಗಿಯ ಸಹಿಗೆ ಬೆಲೆಯಿಲ್ಲ. ಆಗ ಹೆಂಡತಿಯೋ ಮಗನೋ ಕಾನೂನು ಒಪ್ಪುವ ಪ್ರತಿನಿಧಿಯಾಗಿ ಸಹಿ ಹಾಕುತ್ತಾರೆ. ರೋಗಿಗೆ ತಿಳಿವು ಮರಳಿದ ಮೇಲೆ ಅವರಿಗೇ ಮತ್ತೊಮ್ಮೆ ವಿವರಿಸಿ ಒಪ್ಪಿಗೆ ಪಡೆಯಬೇಕು. ಈ ಎರಡನೆಯ ಹೆಜ್ಜೆ ತಪ್ಪಿಹೋಗುವುದುಂಟು. ಮನೆಯವರೇ ನೆನಪಿಸಬೇಕು.

4. ಬಾಯಿಬಿಟ್ಟು ಹೇಳಬೇಕಾದದ್ದು: ಮಾತ್ರೆ, ಕಷಾಯ, ಕುಡಿತ

ಇಡೀ ಬರಹದಲ್ಲಿ ಒಂದೇ ಭಾಗ ಓದಲು ಬಿಡುವಿದ್ದರೆ ಇದನ್ನು ಓದಿ.

ಮನೆಯಲ್ಲಿರುವ ಎಲ್ಲ ಮಾತ್ರೆಯ ಎಲೆಗಳು, ಡಬ್ಬಿಗಳು, ಚೂರ್ಣದ ಪೊಟ್ಟಣಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ನೆನಪಿನಿಂದ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಕಳೆದ ಮೂರು ತಿಂಗಳಲ್ಲಿ ತೆಗೆದುಕೊಂಡು ನಿಲ್ಲಿಸಿದ್ದೂ ಲೆಕ್ಕಕ್ಕೆ ಬರುತ್ತದೆ. ನೆಗಡಿಗೆಂದು ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಇರುತ್ತದೆ, ಅದರ ಮೇಲೆ ಜ್ವರಕ್ಕೆ 650 ಮಿಲಿಗ್ರಾಂನದ್ದು ಬೇರೆ. ಹಳೆಯ ಲಿವರ್ ಕಾಯಿಲೆ ಇದ್ದವರಿಗೆ ದಿನಕ್ಕೆ ಒಟ್ಟು 2 ಗ್ರಾಂ ದಾಟಬಾರದು ಎನ್ನುತ್ತಾರೆ, 650ರ ಮೂರು ಮಾತ್ರೆಗೆ ಆ ಮಿತಿ ಬಹುತೇಕ ತುಂಬಿತು. ಮೈಕೈ ನೋವಿಗೆ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಸಿರೋಸಿಸ್ ಇದ್ದವರ ಕಿಡ್ನಿ ಕೆಡಿಸಬಲ್ಲವು, ಹೊಟ್ಟೆಯೊಳಗೆ ರಕ್ತಸ್ರಾವ ಮಾಡಬಲ್ಲವು. ಕರುಳಿನ ಟ್ರಯಲ್‌ನಲ್ಲಾದರೆ ಕರುಳಿನ ಉರಿಯೂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಅಂಕಿಯನ್ನೇ ಏರಿಸಿ, ಕಾಯಿಲೆ ಉಲ್ಬಣಿಸಿದೆ ಎಂಬ ತಪ್ಪು ಚಿತ್ರ ಕೊಡುತ್ತವೆ.

ಕಷಾಯದ ವಿಷಯದಲ್ಲಿ ಜನ ಸುಳ್ಳು ಹೇಳುವುದಿಲ್ಲ, ಅದನ್ನು ಔಷಧಿ ಎಂದು ಎಣಿಸುವುದೇ ಇಲ್ಲ. ಕೋವಿಡ್ ಕಾಲದಲ್ಲಿ ದಿನವೂ ಅಮೃತಬಳ್ಳಿ ಕುಡಿದು ಲಿವರ್ ಊದಿಕೊಂಡ ರೋಗಿಗಳ ವರದಿ ಮುಂಬೈಯಿಂದ ಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಅವರು ಮುಂಚೂಣಿಯಲ್ಲಿದ್ದು, ದೇಶದ ಹಲವು ಆಸ್ಪತ್ರೆಗಳು ಸೇರಿ ಸಂಗ್ರಹಿಸಿ 2021ರಲ್ಲಿ ಪ್ರಕಟಿಸಿದ ದಾಖಲೆಯಲ್ಲಿ ಔಷಧಿಯಿಂದಲೇ ಲಿವರ್ ಕೆಟ್ಟ 1,288 ರೋಗಿಗಳಿದ್ದಾರೆ. ಅರ್ಧಕ್ಕೆ ಹತ್ತಿರ ಪ್ರಕರಣಗಳಿಗೆ ಕ್ಷಯದ ಮಾತ್ರೆಗಳು ಕಾರಣ. ಸುಮಾರು ಶೇ 14ರಷ್ಟು ಗಿಡಮೂಲಿಕೆ ಮತ್ತಿತರ ಪರ್ಯಾಯ ಔಷಧಿಗಳಿಂದ ಆದವು. ಟ್ರಯಲ್‌ನ ನಡುವೆ, ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಹೆಚ್ಚುವ ಎಸ್‌ಜಿಪಿಟಿ ಎಂಬ ಕಿಣ್ವ ಏರಿದಾಗ ಕಷಾಯದ ಮಾತು ಯಾರಿಗೂ ಗೊತ್ತಿರದಿದ್ದರೆ ತಪ್ಪು ಟ್ರಯಲ್ ಮಾತ್ರೆಯ ತಲೆಗೆ ಬರುತ್ತದೆ, ಕಷಾಯ ಮುಂದುವರಿಯುತ್ತದೆ, ಲಿವರ್ ಇನ್ನಷ್ಟು ಕೆಡುತ್ತದೆ. ಕಾಮಾಲೆಗೆ ಹಳ್ಳಿಯಲ್ಲಿ ಕೊಡುವ ಬೇರಿನ ರಸ, ಜಿಮ್‌ನ ಪ್ರೋಟೀನ್ ಪುಡಿ, ತೂಕ ಇಳಿಸುವ ಗ್ರೀನ್ ಟೀ ಸಾರದ ಕ್ಯಾಪ್ಸೂಲ್, ಎಲ್ಲವನ್ನೂ ಹೇಳಿ.

ಕುಡಿತ. ‘ಅಪರೂಪಕ್ಕೆ’, ‘ಸೋಷಿಯಲ್’ ಎಂಬ ಮಾತಿನಿಂದ ಯಾರಿಗೂ ಉಪಯೋಗವಿಲ್ಲ, ಗ್ರಾಂ ಲೆಕ್ಕ ಬೇಕು. 30 ಮಿಲಿ ವಿಸ್ಕಿ ಅಥವಾ ರಮ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ನೈಂಟಿ ಎಂದರೆ 30 ಗ್ರಾಂ, 180 ಮಿಲಿಯ ಕ್ವಾರ್ಟರ್ ಎಂದರೆ 60 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಮಿಲಿ ಬಾಟಲಿಯಲ್ಲಿ ಸುಮಾರು 40 ಗ್ರಾಂ. ಫ್ಯಾಟಿ ಲಿವರ್‌ಗೆ 2023ರಲ್ಲಿ ಬಂದ ಹೊಸ ವಿಂಗಡಣೆಯಲ್ಲಿ ಗಂಡಸರಿಗೆ ವಾರಕ್ಕೆ 210 ಗ್ರಾಂ, ಹೆಂಗಸರಿಗೆ 140 ಗ್ರಾಂ ಮುಟ್ಟಿದರೆ ಕುಡಿತದ ಪಾಲೂ ಇರುವ ಬೇರೆ ಗುಂಪಿಗೆ ಹೋಗುತ್ತಾರೆ. ಅಂದರೆ ವಾರಕ್ಕೆ ನಾಲ್ಕು ಕ್ವಾರ್ಟರ್ ಮುಗಿಸುವವರು 240 ಗ್ರಾಂ ತಲುಪಿ ಆಗಲೇ ಗೆರೆ ದಾಟಿದ್ದಾರೆ. ಮುಚ್ಚಿಟ್ಟರೂ ನಿಲ್ಲುವುದಿಲ್ಲ. ಪೆಥ್ ಎಂಬ ರಕ್ತಪರೀಕ್ಷೆ ಹಿಂದಿನ ಎರಡರಿಂದ ನಾಲ್ಕು ವಾರದ ಕುಡಿತವನ್ನು ತೋರಿಸುತ್ತದೆ. ಹೆಂಡತಿ ಮಕ್ಕಳ ಮುಂದೆ ಹೇಳಲು ಸಂಕೋಚವಾದರೆ ಡಾಕ್ಟರ ಜೊತೆ ಒಬ್ಬರೇ ಮಾತಾಡಬೇಕು ಎಂದು ಕೇಳಿ. ಅದು ಸಹಜವಾದ ಕೋರಿಕೆ, ಯಾರೂ ತಪ್ಪು ತಿಳಿಯುವುದಿಲ್ಲ.

5. ಸ್ಕ್ರೀನಿಂಗ್: ಅಂಕಿ ಎಲ್ಲೆಲ್ಲಿ ದಾರಿ ತಪ್ಪುತ್ತದೆ

ಸಹಿಯಾದ ಕೂಡಲೇ ಔಷಧಿ ಕೊಡುವುದಿಲ್ಲ. ಕೆಲವು ವಾರ ಪರೀಕ್ಷೆಗಳೇ ನಡೆಯುತ್ತವೆ. ಬೇಕಾದ ಮಿತಿಯೊಳಗೆ ಬಾರದವರು ಇಲ್ಲೇ ಹೊರಗುಳಿಯುತ್ತಾರೆ. ಹಾಗಾದರೆ ಬೇಸರ ಬೇಡ, ಆದರೆ ಅಂಕಿ ತಪ್ಪಾಗಿ ಬಂದು ಹೊರಗುಳಿಯಬಾರದು, ತಪ್ಪಾಗಿ ಒಳಗೂ ಬರಬಾರದು.

ರಕ್ತಕ್ಕೆ ಸಾಮಾನ್ಯವಾಗಿ 8ರಿಂದ 12 ಗಂಟೆ ಖಾಲಿ ಹೊಟ್ಟೆ ಬೇಕು. ನೀರು ಕುಡಿಯಬಹುದು. ರಾಯಚೂರು, ಬೀದರ್‌ನಿಂದ ರಾತ್ರಿ ಬಸ್ಸಿಗೆ ಬರುವವರು ಮೊದಲ ಸರದಿಯೇ ಬೇಕೆಂದು ಮುಂಚೆಯೇ ಹೇಳಿ, ರಕ್ತ ಕೊಟ್ಟ ಕೂಡಲೇ ತಿನ್ನಲು ತಿಂಡಿ ಕಟ್ಟಿಕೊಂಡು ಬನ್ನಿ. ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಆ ಬೆಳಗಿನ ಡೋಸ್ ಏನು ಮಾಡಬೇಕೆಂದು ಹಿಂದಿನ ದಿನವೇ ಕೇಳಿ. ಮಾತ್ರೆ ನುಂಗಿ ಉಪವಾಸ ಕೂತರೆ ಸಕ್ಕರೆ ದಿಢೀರನೆ ಕುಸಿಯುತ್ತದೆ. ಹಿಂದಿನ ಎರಡು ಮೂರು ದಿನ ರೂಢಿಯಿಲ್ಲದ ಮೈಮುರಿ ಕೆಲಸ ಬೇಡ. ದಿನವಿಡೀ ಕಬ್ಬು ಕಡಿದು ಬಂದರೆ ಸ್ನಾಯುವಿನಿಂದ ಹೊರಬಿದ್ದ ಎಸ್‌ಜಿಒಟಿ, ಎಸ್‌ಜಿಪಿಟಿ ಲಿವರ್‌ನದ್ದೆಂದು ಕಾಣುತ್ತದೆ. ಸೂಜಿ ಸರಿಯಾಗಿ ಸಿಗದೆ ಎಳೆದೆಳೆದು ತೆಗೆದ ರಕ್ತದಲ್ಲಿ ಕೆಂಪುಕಣಗಳು ಒಡೆದು ಎಸ್‌ಜಿಒಟಿ ಸುಳ್ಳಾಗಿ ಏರುತ್ತದೆ.

ಪ್ಲೇಟ್‌ಲೆಟ್ ಎಣಿಕೆಯ ತಪ್ಪು ಇನ್ನೂ ದುಬಾರಿ. ಫೈಬ್ರೋಸಿಸ್ ಅಂದಾಜಿಗೆ ಫಿಬ್-4 ಎಂಬ ಲೆಕ್ಕ ಬಳಸುತ್ತಾರೆ: ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಅದನ್ನು ಸಾವಿರಗಳಲ್ಲಿ ಎಣಿಸಿದ ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲ, ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ವಯಸ್ಸು 50, ಎಸ್‌ಜಿಒಟಿ 60, ಎಸ್‌ಜಿಪಿಟಿ 80, ಪ್ಲೇಟ್‌ಲೆಟ್ 1.8 ಲಕ್ಷ ಇದ್ದರೆ ಉತ್ತರ 1.86. ಅದೇ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಟ್ಯೂಬಿನ ಇಡಿಟಿಎ ರಾಸಾಯನಿಕದಿಂದ ಗುಂಪುಗೂಡಿ ಯಂತ್ರಕ್ಕೆ 1 ಲಕ್ಷ ಎಂದು ಕಂಡರೆ ಉತ್ತರ 3.35. 1.3ಕ್ಕಿಂತ ಕಡಿಮೆ ಇದ್ದರೆ ನಿರಾಳ, 2.67 ದಾಟಿದರೆ ಮುಂದುವರಿದ ಫೈಬ್ರೋಸಿಸ್‌ನ ಶಂಕೆ. ಅಂದರೆ ಒಂದು ಟ್ಯೂಬಿನ ದೋಷಕ್ಕೆ ಮನುಷ್ಯ ಒಂದು ವರ್ಗದಿಂದ ಇನ್ನೊಂದಕ್ಕೆ ಹಾರಿದ. ಹಿಂದೆ ಚೆನ್ನಾಗಿದ್ದ ಪ್ಲೇಟ್‌ಲೆಟ್ ಕಾರಣವಿಲ್ಲದೆ ಕುಸಿದಿದ್ದರೆ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ನೋಡಿ, ಸ್ಮಿಯರ್ ಮಾಡಿ (ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿ) ಎಂದು ಕೇಳುವುದು ನ್ಯಾಯ.

ಲಿವರ್‌ನ ಬಿಗಿತ ಅಳೆಯುವ ಫೈಬ್ರೋಸ್ಕ್ಯಾನ್‌ಗೆ ಕನಿಷ್ಠ 3 ಗಂಟೆ ಏನೂ ತಿಂದಿರಬಾರದು. ಊಟವಾದ ಮೇಲೆ ಲಿವರ್‌ಗೆ ರಕ್ತದ ಹರಿವು ಹೆಚ್ಚಿ ಬಿಗಿತ ಏರಿದಂತೆ ಕಾಣುತ್ತದೆ. ಅಂಗಾತ ಮಲಗಿ ಬಲಗೈಯನ್ನು ತಲೆಯ ಹಿಂದಕ್ಕೆ ಚಾಚಿದರೆ ಪಕ್ಕೆಲುಬುಗಳ ನಡುವೆ ಜಾಗ ಬಿಡುತ್ತದೆ. ಅಲ್ಲಿ ಪ್ರೋಬ್ ಒತ್ತಿ ಕನಿಷ್ಠ 10 ಸರಿಯಾದ ಅಳತೆ ತೆಗೆಯುತ್ತಾರೆ. ವರದಿಯಲ್ಲಿ ಬಿಗಿತದ ಕೆಪಿಎ ಅಂಕಿಯ ಪಕ್ಕದಲ್ಲಿ ಐಕ್ಯೂಆರ್ ಶೇಕಡಾವಾರು ಇರುತ್ತದೆ. ಅದು 30 ದಾಟಿದ್ದರೆ ಅಳತೆಗಳು ಒಂದಕ್ಕೊಂದು ತಾಳೆಯಾಗಿಲ್ಲ ಎಂದರ್ಥ, ಮತ್ತೆ ಮಾಡಿಸಬೇಕು. ದಪ್ಪ ಮೈಯವರಿಗೆ ಎಕ್ಸ್‌ಎಲ್ ಪ್ರೋಬ್ ಬೇಕು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಈ ಪರೀಕ್ಷೆ ನಡೆಯುವುದು ಕಷ್ಟ.

ಬಯಾಪ್ಸಿ ಎಂದರೆ ಹೆದರಿಕೆ ಸಹಜ. ಸ್ಕ್ಯಾನ್ ಇರುವಾಗ ಸೂಜಿ ಏಕೆ ಎಂಬ ಪ್ರಶ್ನೆಗೆ ರೆಸ್ಮೆಟಿರಾಮ್‌ನ ದೊಡ್ಡ ಟ್ರಯಲ್ ಉತ್ತರ ಕೊಡುತ್ತದೆ. 966 ರೋಗಿಗಳು, 52 ವಾರ, ಮುಂಚೆಯೂ ಕೊನೆಗೂ ಬಯಾಪ್ಸಿ. ಉರಿಯೂತದ ಫ್ಯಾಟಿ ಲಿವರ್ ಮಾಯವಾದದ್ದು 100 ಮಿಲಿಗ್ರಾಂ ಗುಂಪಿನಲ್ಲಿ ಶೇ 29.9, 80 ಮಿಲಿಗ್ರಾಂನಲ್ಲಿ ಶೇ 25.9, ಪ್ಲಸೀಬೊದಲ್ಲಿ ಶೇ 9.7. ಇಂಥ ವ್ಯತ್ಯಾಸವನ್ನು ನಂಬಲು ಜೀವಕೋಶವನ್ನೇ ನೋಡಬೇಕು. ಲಿವರ್‌ನ ಸುಮಾರು 50,000ದ ಒಂದು ಪಾಲಷ್ಟೇ ಸೂಜಿಗೆ ಬರುವುದರಿಂದ ತುಣುಕು ಕನಿಷ್ಠ 2 ಸೆಂ.ಮೀ. ಉದ್ದವಿರಲಿ ಎಂದು ಬಯಸುತ್ತಾರೆ. ಚೂರುಚೂರಾಗಿ ಬಂದರೆ ಓದಲಾಗದೆ ಮತ್ತೊಮ್ಮೆ ಚುಚ್ಚಬೇಕಾದೀತು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರು ಹೃದಯದ ಡಾಕ್ಟರನ್ನೂ ಕೇಳಿಯೇ ನಿಲ್ಲಿಸಬೇಕು, ಸ್ವಂತ ನಿರ್ಧಾರ ಬೇಡ. ಚುಚ್ಚಿದ ಮೇಲೆ ಕನಿಷ್ಠ 2ರಿಂದ 4 ಗಂಟೆ ಮಲಗಿರಬೇಕು. ಬಲಭುಜದಲ್ಲಿ ಸ್ವಲ್ಪ ನೋವು ಮಾಮೂಲು. ಹೊಟ್ಟೆ ಬಿಗಿದು ನೋವು ಏರುತ್ತಿದ್ದರೆ, ತಲೆಸುತ್ತು ಬಂದು ಬೆವರಿದರೆ ಒಳಗೆ ರಕ್ತ ಹರಿಯುತ್ತಿರಬಹುದು, ಕೂಡಲೇ ಕೂಗಿ ಕರೆಯಿರಿ. ಅಂದು ರಾತ್ರಿ ಆಸ್ಪತ್ರೆಯಿಂದ ದೂರ ಹೋಗಬೇಡಿ, ಊರಿನ ಬಸ್ ಹತ್ತಬೇಡಿ.

ದೊಡ್ಡಕರುಳಿಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೊಸ್ಕೊಪಿಯಲ್ಲಿ ಎಲ್ಲವೂ ಹೊಟ್ಟೆ ತೊಳೆಯುವುದರ ಮೇಲಿದೆ. ಎರಡು ಮೂರು ದಿನ ಮುಂಚಿನಿಂದ ರಾಗಿಮುದ್ದೆ, ಸೊಪ್ಪು, ಕಾಳು, ಸೀಬೆಹಣ್ಣು, ಎಳ್ಳು, ಒಗ್ಗರಣೆಯ ಸಾಸಿವೆ ಬಿಡಿ. ಬೀಜವೊಂದು ಕ್ಯಾಮೆರಾದ ಹೀರುನಳಿಕೆಗೆ ಸಿಕ್ಕಿಕೊಂಡರೆ ಪರೀಕ್ಷೆ ಅಲ್ಲಿಗೇ ನಿಂತೀತು. ಅನ್ನ, ಇಡ್ಲಿ, ಮಜ್ಜಿಗೆ, ಸೋಸಿದ ತಿಳಿಸಾರು ನಡೆಯುತ್ತದೆ. ಕಬ್ಬಿಣದ ಮಾತ್ರೆಯನ್ನು ಐದಾರು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ, ಅದು ಮಲವನ್ನು ಕಪ್ಪು, ಅಂಟಾಗಿ ಮಾಡುತ್ತದೆ. ಹೊಟ್ಟೆ ತೊಳೆಯಲು ಕೊಡುವ 2 ಲೀಟರ್ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ದ್ರಾವಣವನ್ನು ಒಂದೇ ಸಲಕ್ಕೆ ಮುಗಿಸದೆ 1 ಲೀಟರ್ ಹಿಂದಿನ ಸಂಜೆ, 1 ಲೀಟರ್ ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ, ಹತ್ತು ಹದಿನೈದು ನಿಮಿಷಕ್ಕೊಂದು ಲೋಟದಂತೆ ಕುಡಿಯಿರಿ. ವಾಂತಿ ಬರುವಂತಾದರೆ ಅರ್ಧ ಗಂಟೆ ತಡೆದು ಮತ್ತೆ ಶುರು ಮಾಡಿ. ಕೊನೆಗೆ ಹೋಗುವುದು ತಿಳಿಹಳದಿ ನೀರಿನಂತೆ, ತಳ ಕಾಣುವಂತಿರಬೇಕು. ಇನ್ನೂ ಕಂದು ಬಣ್ಣದಲ್ಲಿದ್ದರೆ ಮೇಜಿಗೆ ಹೋಗುವ ಮುನ್ನವೇ ನರ್ಸ್‌ಗೆ ಹೇಳಿ. ಕೊಲೈಟಿಸ್ ಟ್ರಯಲ್‌ಗಳಲ್ಲಿ ಈ ವಿಡಿಯೊವನ್ನು ಬೇರೆಡೆ ಕೂತ ತಜ್ಞರು, ನೀವು ಯಾವ ಗುಂಪಿನವರೆಂದು ತಿಳಿಯದೆ, 0ರಿಂದ 3ರ ಅಂಕ ಕೊಟ್ಟು ಓದುವುದುಂಟು. ಕೊಳೆ ಮುಚ್ಚಿದ್ದರೆ ಅವರಿಗೆ ಹುಣ್ಣು ಕಾಣುವುದಿಲ್ಲ.

ಜಠರದ ಕ್ರಿಮಿ ಎಚ್. ಪೈಲೊರಿಯ ಉಸಿರಿನ ಪರೀಕ್ಷೆಗೆ ಗ್ಯಾಸ್ ಮಾತ್ರೆ, ಅಂದರೆ ಪ್ಯಾಂಟೊಪ್ರಜೋಲ್ ಗುಂಪಿನವು, 2 ವಾರ ನಿಂತಿರಬೇಕು. ಆಂಟಿಬಯಾಟಿಕ್ 4 ವಾರ. ಇಲ್ಲವಾದರೆ ಕ್ರಿಮಿ ಇದ್ದೂ ಇಲ್ಲವೆಂದು ಬರುತ್ತದೆ.

6. ಔಷಧಿ ಶುರುವಾದ ಮೇಲೆ

ಡೈರಿ ಅಂದಂದೇ ಬರೆಯಿರಿ. ಭೇಟಿಯ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ಹದಿನಾಲ್ಕು ದಿನದ್ದು ತುಂಬಿಸಿದರೆ ಅದು ನೋಡುವವರಿಗೆ ಗೊತ್ತಾಗುತ್ತದೆ, ಆ ಮಾಹಿತಿ ಯಾವ ಕೆಲಸಕ್ಕೂ ಬಾರದು. ಮಲದ ರೂಪಕ್ಕೆ ಬ್ರಿಸ್ಟಲ್ ಚಿತ್ರಪಟ ಕೊಡುತ್ತಾರೆ: 1 ಎಂದರೆ ಆಡಿನ ಹಿಕ್ಕೆಯಂತೆ ಗಟ್ಟಿ, 4 ಎಂದರೆ ನುಣುಪಾಗಿ ಸಲೀಸು, 7 ಎಂದರೆ ಬರೀ ನೀರು. ಪಟ ನೋಡಿ ಅಂಕ ಬರೆಯಿರಿ, ‘ಚೆನ್ನಾಗಿ ಆಯಿತು’ ಎಂದಲ್ಲ. ಎಷ್ಟು ಸಲ ಎಂದು ಎಣಿಸುವಾಗ ರಾತ್ರಿ ಎದ್ದದ್ದನ್ನೂ ಸೇರಿಸಿ.

ಮಾತ್ರೆ ತಪ್ಪಿದರೆ ತಪ್ಪಿದೆ ಎಂದೇ ಬರೆಯಿರಿ, ಹೇಳದ ಹೊರತು ಎರಡು ಒಟ್ಟಿಗೆ ನುಂಗಬೇಡಿ. ಖಾಲಿ ಎಲೆಗಳನ್ನೂ ಉಳಿದ ಮಾತ್ರೆಗಳನ್ನೂ ಎಸೆಯದೆ ವಾಪಸು ತನ್ನಿ, ಅವನ್ನು ಎಣಿಸುತ್ತಾರೆ. ಇಂಜೆಕ್ಷನ್ ಆದರೆ 2ರಿಂದ 8 ಡಿಗ್ರಿಯಲ್ಲಿಡಬೇಕು. ಫ್ರಿಜ್‌ನ ನಡುವಿನ ತಟ್ಟೆಯಲ್ಲಿಡಿ, ಬಾಗಿಲಿನಲ್ಲಿ ಬೇಡ, ಫ್ರೀಜರ್‌ನಲ್ಲಂತೂ ಬೇಡವೇ ಬೇಡ. ಪ್ರಯಾಣದಲ್ಲಿ ಐಸ್ ಪ್ಯಾಕ್‌ಗೆ ನೇರ ತಾಗಿದರೂ ಹೆಪ್ಪುಗಟ್ಟಿ ಹಾಳಾಗುತ್ತದೆ. ಇಡೀ ಹಗಲು ಕರೆಂಟ್ ಹೋಗಿದ್ದರೆ ಬಳಸುವ ಮುನ್ನ ಫೋನ್ ಮಾಡಿ ಕೇಳಿ.

ಫ್ಯಾಟಿ ಲಿವರ್ ಟ್ರಯಲ್ ನಡುವೆ ಒಮ್ಮೆಗೇ ಕಟ್ಟುನಿಟ್ಟಿನ ಡಯಟ್ ಹಿಡಿಯಬೇಡಿ ಎಂದರೆ ವಿಚಿತ್ರವೆನಿಸಬಹುದು. ದೇಹತೂಕದ ಶೇ 7ರಿಂದ 10 ಇಳಿದರೆ ಲಿವರ್ ತಾನೇ ಸುಧಾರಿಸುತ್ತದೆ, ಆಗ ಅದು ಮಾತ್ರೆಯ ಫಲವೋ ಡಯಟ್‌ನದೋ ಎಂದು ತಿಳಿಯುವುದಿಲ್ಲ. ತಂಡ ಕೊಟ್ಟ ಆಹಾರದ ಸಲಹೆ ಪಾಲಿಸಿ, ಅದಕ್ಕಿಂತ ಹೆಚ್ಚಿನದೇನಾದರೂ ಮಾಡುವುದಿದ್ದರೆ ತಿಳಿಸಿ ಮಾಡಿ.

ತಂಡ ನಿಮ್ಮ ಎಲ್‌ಎಫ್‌ಟಿಯನ್ನು (ಲಿವರ್‌ನ ರಕ್ತಪರೀಕ್ಷೆಯನ್ನು) ಕೆಲವು ಗೆರೆಗಳ ಮೇಲೆ ಕಾಯುತ್ತಿರುತ್ತದೆ. ಶುರುವಿನಲ್ಲಿ ಅಂಕಿ ಸಹಜವಾಗಿದ್ದವರಲ್ಲಿ ಎಸ್‌ಜಿಪಿಟಿ ಮೇಲ್ಮಿತಿಯ 8 ಪಟ್ಟು ದಾಟಿದರೆ, ಅಥವಾ 5 ಪಟ್ಟಿನ ಮೇಲೆ ಎರಡು ವಾರಕ್ಕಿಂತ ಹೆಚ್ಚು ನಿಂತರೆ, ಅಥವಾ 3 ಪಟ್ಟು ದಾಟಿ ಜೊತೆಗೆ ಕಾಮಾಲೆ ತೋರಿಸುವ ಬಿಲಿರುಬಿನ್ 2 ಪಟ್ಟು ದಾಟಿದರೆ ಔಷಧಿ ನಿಲ್ಲಿಸುವುದು ರೂಢಿ. ಎಸ್‌ಜಿಪಿಟಿಯ ಮೇಲ್ಮಿತಿ 40 ಎಂದಾದರೆ ಕ್ರಮವಾಗಿ 320, 200, 120 ಎಂಬ ಅಂಕಿಗಳು. ಕೊನೆಯ ಜೋಡಿಯೇ ಅತಿ ಅಪಾಯದ್ದು. ಬೇರೆ ಕಾರಣವಿಲ್ಲದೆ ಔಷಧಿಯಿಂದಲೇ ಹೀಗೆ ಕಾಮಾಲೆಯಾದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಸಾವು ಅಥವಾ ಲಿವರ್ ಕಸಿಯವರೆಗೆ ಹೋಗುತ್ತದೆ ಎಂಬುದು ಹೈಮನ್ ಜಿಮ್ಮರ್‌ಮನ್ ಅವರ ಹಳೆಯ ಗಮನಿಕೆ. ‘ಚೆನ್ನಾಗಿದ್ದೀನಲ್ಲ, ಈ ತಿಂಗಳ ರಕ್ತ ಬೇಡ’ ಎನ್ನಬೇಡಿ. ಲಿವರ್ ಕೆಡುವುದು ಮೊದಲು ಗೊತ್ತಾಗುವುದು ರಕ್ತದಲ್ಲೇ.

7. ಹೊತ್ತು ನೋಡದೆ ಫೋನ್ ಮಾಡುವ ಸಂದರ್ಭಗಳು

ಟಾರಿನಂಥ ಕಪ್ಪು ಮಲ, ರಕ್ತವಾಂತಿ, ಕಣ್ಣು ಹಳದಿ, ಮೂತ್ರ ಕಡಿಮೆಯಾಗುವುದು, ನೀರು ತುಂಬಿದ ಹೊಟ್ಟೆಯ ಜೊತೆ ಜ್ವರ ಅಥವಾ ನೋವು. ಸಿರೋಸಿಸ್ ರೋಗಿ ಹಗಲು ನಿದ್ದೆಗೆ ಜಾರಿ ರಾತ್ರಿ ಎಚ್ಚರವಿದ್ದರೆ, ಶರ್ಟಿನ ಗುಂಡಿ ಹಾಕಲು ತಡಕಾಡಿದರೆ, ಮಾತು ತೊದಲಿದರೆ ಮನೆಯವರೇ ಕರೆ ಮಾಡಬೇಕು, ರೋಗಿಗೆ ಅದು ತಿಳಿಯುವುದಿಲ್ಲ.

ಯಾವ ಕಾರಣಕ್ಕೆ ಯಾವ ಆಸ್ಪತ್ರೆಗೆ ಅಡ್ಮಿಟ್ ಆದರೂ, ಡೆಂಗಿಯಾಗಲಿ ಬೈಕ್ ಅಪಘಾತವಾಗಲಿ, ಅದು ನಿಯಮದ ಪ್ರಕಾರ ಗಂಭೀರ ಘಟನೆ. ಘಟನೆ ನಡೆದ 24 ಗಂಟೆಯೊಳಗೆ ತಂಡದವರು ಕೇಂದ್ರದ ಔಷಧ ನಿಯಂತ್ರಕರಿಗೆ, ಪ್ರಾಯೋಜಕರಿಗೆ, ಎಥಿಕ್ಸ್ ಕಮಿಟಿಗೆ ವರದಿ ಮಾಡಬೇಕು. ತಂಡ ಕೊಟ್ಟ, ಅವರ ಫೋನ್ ಸಂಖ್ಯೆಯಿರುವ ಟ್ರಯಲ್ ಕಾರ್ಡ್ ಸದಾ ಜೇಬಿನಲ್ಲಿರಲಿ. ಬೇರೆ ಆಸ್ಪತ್ರೆಯ ಡಾಕ್ಟರಿಗೆ ಅದನ್ನು ತೋರಿಸಿದರೆ ಅವರೇ ಕರೆ ಮಾಡುತ್ತಾರೆ. ಜೀವಾಪಾಯವಿದ್ದು ತಿಳಿಯಲೇಬೇಕಾದರೆ ನೀವು ಪಡೆಯುತ್ತಿದ್ದದ್ದು ಔಷಧಿಯೋ ಪ್ಲಸೀಬೊವೋ ಎಂದು ತೆರೆದು ನೋಡುವ ವ್ಯವಸ್ಥೆ ಪ್ರತಿ ಬ್ಲೈಂಡ್ ಟ್ರಯಲ್‌ನಲ್ಲೂ ಇರುತ್ತದೆ. ತಂಡವೇ ಕಿವಿಗೊಡುತ್ತಿಲ್ಲ ಎನಿಸಿದರೆ ಕನ್ಸೆಂಟ್ ಫಾರ್ಮ್‌ನಲ್ಲಿರುವ ಎಥಿಕ್ಸ್ ಕಮಿಟಿಯ ಸಂಖ್ಯೆಗೆ ನೀವೇ ನೇರವಾಗಿ ಕರೆ ಮಾಡಬಹುದು. ಆ ಸಂಖ್ಯೆಯನ್ನು ಅಲ್ಲಿ ಮುದ್ರಿಸಿರುವುದೇ ಅದಕ್ಕೆ.

8. ಬಿಡುವುದಾದರೆ, ಮುಗಿದ ಮೇಲೆ

ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಬಿಡಬಹುದು. ಮಾಮೂಲಿ ಚಿಕಿತ್ಸೆಗೆ ಅದರಿಂದ ಧಕ್ಕೆಯಾಗಬಾರದು. ಆದರೆ ಮಾತ್ರೆ ನಿಲ್ಲಿಸುವುದು ಬೇರೆ, ಸಂಪರ್ಕವನ್ನೇ ಕಡಿಯುವುದು ಬೇರೆ. ಮಾತ್ರೆ ಬೇಡವೆನಿಸಿದರೂ ತಿಂಗಳಿಗೊಮ್ಮೆ ಫೋನಿನಲ್ಲಿ ಹೇಗಿದ್ದೀರಿ ಎಂದು ಹೇಳಲು ಒಪ್ಪಿದರೆ ದೊಡ್ಡ ಉಪಕಾರ. ತೊಂದರೆಯಾಗಿ ಬಿಟ್ಟವರೆಲ್ಲ ಮೌನವಾದರೆ, ಉಳಿದವರನ್ನಷ್ಟೇ ನೋಡಿ ಔಷಧಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಹೆಪಟೈಟಿಸ್ ಬಿ ಇದ್ದವರು ಮಾತ್ರ ಫೋನ್ ಮಾಡದೆ ಎಂಟೆಕಾವಿರ್, ಟೆನೊಫೊವಿರ್ ಅಥವಾ ಟ್ರಯಲ್‌ನ ವೈರಸ್ ಔಷಧಿ ನಿಲ್ಲಿಸಲೇಬೇಡಿ. ಒತ್ತಿಟ್ಟಿದ್ದ ವೈರಸ್ ಮರುಕಳಿಸಿ ಕೆಲವೇ ವಾರ, ತಿಂಗಳುಗಳಲ್ಲಿ ಲಿವರ್ ಪೂರ್ತಿ ಕೈಕೊಡಬಹುದು. ಕೊಲೈಟಿಸ್‌ಗೆ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರೂ ಒಮ್ಮೆಗೇ ಬಿಡದೆ ಡಾಕ್ಟರ್ ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಕೊನೆಯ ಭೇಟಿಯಲ್ಲಿ ನಾಲ್ಕು ವಿಷಯ ಕೇಳಿ ಬರೆಸಿಕೊಳ್ಳಿ: ನಾಳೆಯಿಂದ ನನ್ನ ಚಿಕಿತ್ಸೆ ಏನು, ಔಷಧಿಯಿಂದ ಅನುಕೂಲವಾಗಿದ್ದರೆ ಮುಂದೆಯೂ ಸಿಗುತ್ತದೆಯೇ, ನಾನು ಯಾವ ಗುಂಪಿನಲ್ಲಿದ್ದೆ ಎಂದು ಯಾವಾಗ ತಿಳಿಸುತ್ತೀರಿ, ಒಟ್ಟು ಫಲಿತಾಂಶ ಎಲ್ಲಿ ಸಿಗುತ್ತದೆ. ಬೇರೆ ಚಿಕಿತ್ಸೆ ಇಲ್ಲದ ಸ್ಥಿತಿಯಲ್ಲಿ ವೈದ್ಯರು ಶಿಫಾರಸು ಮಾಡಿ ಎಥಿಕ್ಸ್ ಕಮಿಟಿ ಒಪ್ಪಿದರೆ ಟ್ರಯಲ್ ನಂತರವೂ ಔಷಧಿಯನ್ನು ಉಚಿತವಾಗಿ ಕೊಡಲು 2019ರ ನಿಯಮಗಳಲ್ಲಿ ಅವಕಾಶವಿದೆ, ಕೇಳದೆ ಯಾರೂ ಅದರ ಮಾತೆತ್ತುವುದಿಲ್ಲ. ಫೈಬ್ರೋಸ್ಕ್ಯಾನ್, ಬಯಾಪ್ಸಿ, ಎಂಡೊಸ್ಕೊಪಿ ವರದಿಗಳ ಪ್ರತಿಗಳನ್ನು ಕೇಳಿ ಪಡೆದು ಸಹಿಯಾದ ಕನ್ಸೆಂಟ್ ಫಾರ್ಮ್ ಜೊತೆ ಒಂದೇ ಫೈಲಿನಲ್ಲಿಡಿ, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಆ ಫೈಲನ್ನು ಕೊಂಡೊಯ್ಯಿರಿ.